ಹೊಲದಲ್ಲಿ ಸಿಗುವ ಹಳೆಯ ಬ್ರೋಚ್: ಯಾರು ಬೇಕಾದರೂ ಹುಡುಕಬಹುದೇ?

ಬ್ರೋಚ್ ಎಂದರೆ ಬಟ್ಟೆಗೆ ಚುಚ್ಚುವ ಅಲಂಕಾರದ ಪಿನ್ನು. ಗುಂಡಿಗಳ ಬಳಕೆ ಹೆಚ್ಚುವ ಮೊದಲು ಯುರೋಪಿನಲ್ಲಿ ಉಡುಪು ಮೈಮೇಲೆ ನಿಲ್ಲುತ್ತಿದ್ದದ್ದು ಹೆಚ್ಚಾಗಿ ಇದರಿಂದಲೇ. ರೋಮನ್ನರ, ಆಂಗ್ಲೋ-ಸ್ಯಾಕ್ಸನ್ನರ (ಹಳೆಯ ಇಂಗ್ಲಿಷ್ ಜನ), ಸ್ಕ್ಯಾಂಡಿನೇವಿಯಾದಿಂದ (ನಾರ್ವೆ, ಡೆನ್ಮಾರ್ಕ್ ಕಡೆ) ಬಂದ ವೈಕಿಂಗರ ಕಾಲದ ಬ್ರೋಚ್‌ಗಳು ಬ್ರಿಟನ್ನಿನ ಹೊಲಗಳಲ್ಲಿ ಈಗಲೂ ಸಿಗುತ್ತಿವೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಜಮೀನಿನ ಮಾಲೀಕರು ಒಪ್ಪಿದರೆ, ಸಂರಕ್ಷಿತ ಸ್ಮಾರಕಗಳನ್ನು ಬಿಟ್ಟು, ಯಾರು ಬೇಕಾದರೂ ಮೆಟಲ್ ಡಿಟೆಕ್ಟರ್ ಹಿಡಿದು ಹುಡುಕಬಹುದು. ಐರ್ಲೆಂಡಿನಲ್ಲಿ ಸರ್ಕಾರದ ಪರವಾನಗಿ ಇಲ್ಲದೆ ಹಾಗೆ ಹುಡುಕುವುದು ಅಪರಾಧ. ಯಾವುದು ಸರಿ? ಇಲ್ಲಿ ಇಬ್ಬರು ಬರೆದಿದ್ದಾರೆ: ಒಬ್ಬರು ಪರ, ಇನ್ನೊಬ್ಬರು ವಿರೋಧ.

ಪರ: ನೇಗಿಲು ಕಾಯುವುದಿಲ್ಲ

ನಮ್ಮ ಪಕ್ಕದ ಮನೆಯ ಅಜ್ಜನಿಗೆ ಎಪ್ಪತ್ತೆರಡು ವರ್ಷ. ಬಸ್ ಓಡಿಸಿ ನಿವೃತ್ತರಾದವರು. ನಾವು ಪೂರ್ವ ಇಂಗ್ಲೆಂಡಿನ ಲಿಂಕನ್‌ಶೈರಿನ ಈ ಹಳ್ಳಿಗೆ ಬಂದ ಮೊದಲ ವರ್ಷವೇ ಅವರು ನನ್ನನ್ನು ಹೊಲಕ್ಕೆ ಕರೆದುಕೊಂಡು ಹೋದರು. ಬಾರ್ಲಿ ಕಟಾವು ಮುಗಿದು ಬರೀ ಕೂಳೆ ಉಳಿದಿತ್ತು. ರೈತನ ಒಪ್ಪಿಗೆಯನ್ನು ಕಾಗದದಲ್ಲಿ ಬರೆಸಿ ಜೇಬಿನಲ್ಲಿ ಇಟ್ಟುಕೊಂಡಿದ್ದರು. ನಾಲ್ಕು ಗಂಟೆ ನಡೆದೆವು. ಸಿಕ್ಕಿದ್ದು ಟ್ರ್ಯಾಕ್ಟರಿನ ಬೋಲ್ಟು, ತಗಡಿನ ಚೂರು, ಒಂದು ಸೀಸದ ಗುಂಡು. ಮಳೆ ಹನಿಯಲು ಶುರುವಾದಾಗ ಡಿಟೆಕ್ಟರ್ ಮತ್ತೆ ಕೂಗಿತು. ಒಂದು ಗೇಣು ಆಳವೂ ಇಲ್ಲ. ಹಸಿರು ಹಿಡಿದ ತಾಮ್ರದ ಬಿಲ್ಲೆ, ಎರಡು ರೂಪಾಯಿ ನಾಣ್ಯದಷ್ಟು ಅಗಲ.

ನಾನು ಅಂಗಿಯ ತುದಿಯಿಂದ ಒರೆಸಲು ಹೋದೆ. ಅಜ್ಜ ನನ್ನ ಕೈ ಹಿಡಿದರು. "ಮಣ್ಣು ಹಾಗೇ ಇರಲಿ" ಎಂದರು. ಅದು ಸಿಕ್ಕ ಜಾಗವನ್ನು ಫೋನಿನಲ್ಲಿ ಗುರುತು ಮಾಡಿಕೊಂಡು, ಬಿಲ್ಲೆಯನ್ನು ಸಣ್ಣ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಮೇಲೆ ತಾರೀಖು ಬರೆದರು. ಮುಂದಿನ ವಾರ ಅದನ್ನು ಅಧಿಕಾರಿಗೆ ಕೊಟ್ಟುಬಂದರು. ಇಲ್ಲಿ ಒಂದೊಂದು ಪ್ರದೇಶಕ್ಕೂ ಇದಕ್ಕೆಂದೇ ಒಬ್ಬ ಅಧಿಕಾರಿ ಇರುತ್ತಾರೆ. 1997ರಲ್ಲಿ ಶುರುವಾದ ಈ ವ್ಯವಸ್ಥೆಯ ಹೆಸರು ಪೋರ್ಟಬಲ್ ಆಂಟಿಕ್ವಿಟೀಸ್ ಸ್ಕೀಮ್. ಜನ ತಂದು ತೋರಿಸಿದ 15 ಲಕ್ಷಕ್ಕೂ ಜಾಸ್ತಿ ವಸ್ತುಗಳು ಈಗ ಅದರ ದಾಖಲೆಯಲ್ಲಿವೆ. ಯಾರು ಬೇಕಾದರೂ ಮನೆಯಲ್ಲೇ ಕೂತು ಅದನ್ನು ನೋಡಬಹುದು.

ಕೆಲವು ತಿಂಗಳ ನಂತರ ಬಿಲ್ಲೆ ವಾಪಸ್ ಬಂತು, ಜೊತೆಗೆ ಒಂದು ಪುಟದ ವಿವರ. ಅದು ಸುಮಾರು 900ನೇ ಇಸವಿಯ ಬ್ರೋಚ್. ಸ್ಕ್ಯಾಂಡಿನೇವಿಯಾದ ಬಿಲ್ಲೆ ಬ್ರೋಚ್ ನಡುವೆ ಉಬ್ಬಿರುತ್ತದೆ. ಹಿಂಬದಿಯಲ್ಲಿ ಪಿನ್ನು ಕೂರಿಸಲು ಎರಡು ಕಿವಿ, ಏನಾದರೂ ನೇತುಹಾಕಲು ಒಂದು ಕುಣಿಕೆ ಇರುತ್ತದೆ. ಇಂಗ್ಲೆಂಡಿನದು ಚಪ್ಪಟೆ, ಪಿನ್ನಿಗೆ ಒಂದೇ ಕಿವಿ. ನಮಗೆ ಸಿಕ್ಕಿದ್ದರ ಮುಂದೆ ವೈಕಿಂಗರ ಗಂಟಿನ ಚಿತ್ತಾರ, ಹಿಂದೆ ಇಂಗ್ಲಿಷ್ ಪಿನ್ನು! ಯಾರೋ ಅಕ್ಕಸಾಲಿ ಹೊರಗಿನಿಂದ ಬಂದವರ ಮಾದರಿಯನ್ನು ಇಲ್ಲಿಯವರ ಉಡುಪಿಗೆ ಹೊಂದಿಸಿದ್ದಾನೆ. ಬೇರೆ ದೇಶದಿಂದ ಬಂದು ಇದೇ ನೆಲದಲ್ಲಿ ಮನೆ ಮಾಡಿದ ನನಗೆ ಅದನ್ನು ಓದುವಾಗ ಗಂಟಲು ಕಟ್ಟಿತು.

ಇಂಥ ಒಂದು ಬಿಲ್ಲೆಯಿಂದ ಏನಾಗುತ್ತದೆ ಎಂದು ಕೇಳುವವರಿಗೆ ಉತ್ತರ ಇದೆ. ಪೂರ್ವ ಇಂಗ್ಲೆಂಡಿಗೆ ಬಂದ ವೈಕಿಂಗರು ಎಂದರೆ ಕೊಡಲಿ ಹಿಡಿದ ಗಂಡಸರು ಎಂದೇ ಬಹುಕಾಲ ಬರೆಯುತ್ತಿದ್ದರು. ಹೆಂಗಸರ ಸಮಾಧಿ ಸಿಕ್ಕಿದ್ದೇ ಬೆರಳೆಣಿಕೆಯಷ್ಟು. ಪುರಾತತ್ವಜ್ಞೆ ಜೇನ್ ಕರ್ಶಾ ಡಿಟೆಕ್ಟರ್ ಹಿಡಿದವರಿಗೆ ಸಿಕ್ಕ ಬ್ರೋಚ್‌ಗಳನ್ನು ಒಂದೊಂದಾಗಿ ನೋಡುತ್ತಾ ಹೋದರು. 500ಕ್ಕೂ ಹೆಚ್ಚು ಸ್ಕ್ಯಾಂಡಿನೇವಿಯನ್ ಶೈಲಿಯ ಆಭರಣಗಳು ಲೆಕ್ಕಕ್ಕೆ ಸಿಕ್ಕವು. ಹೆಚ್ಚಿನವು ಲಿಂಕನ್‌ಶೈರ್, ನಾರ್ಫೋಕ್ ಕಡೆಯ ಹೊಲಗಳದ್ದು. ಎಷ್ಟೋ ಬ್ರೋಚ್‌ಗಳು ಸ್ಕ್ಯಾಂಡಿನೇವಿಯಾದ್ದೇ ಪಿನ್ನು, ಅಲ್ಲಿಯದೇ ಉಬ್ಬು ಇರುವಂಥವು. ಅಂದರೆ ಅವು ಅಂಗಡಿಯ ಮಾಲಾಗಿ ಬಂದದ್ದಲ್ಲ, ಹೆಂಗಸರ ಎದೆಯ ಮೇಲೆ ಬಂದದ್ದು. ಆ ಹೆಂಗಸರನ್ನು ಇತಿಹಾಸಕ್ಕೆ ವಾಪಸ್ ತಂದವರು ನಮ್ಮ ಅಜ್ಜನಂಥವರು.

ಇಂಗ್ಲೆಂಡಿನ ಕಂಬ್ರಿಯಾದ ಕಮ್‌ವಿಟನ್ ಹಳ್ಳಿಯಲ್ಲಿ 2004ರಲ್ಲಿ ಒಬ್ಬರಿಗೆ ಹೊಲದಲ್ಲಿ ಮೊಟ್ಟೆಯಾಕಾರದ ಒಂದು ಜೊತೆ ಬ್ರೋಚ್ ಸಿಕ್ಕವು. ಅವರು ಸುಮ್ನೆ ಮನೆಗೆ ಒಯ್ಯಲಿಲ್ಲ, ತಿಳಿಸಿದರು. ಪುರಾತತ್ವದವರು ಬಂದು ಅಗೆದರೆ ಆರು ವೈಕಿಂಗ್ ಸಮಾಧಿಗಳು! ಆ ಮನುಷ್ಯ ಅಂದು ಹೊಲಕ್ಕೆ ಹೋಗದೆ ಇದ್ದಿದ್ದರೆ?

ನೇಗಿಲು ಹೋಗುತ್ತಿತ್ತು. ಇದನ್ನೇ ನಾನು ಮತ್ತೆ ಮತ್ತೆ ಹೇಳುವುದು. ನೇಗಿಲು ಕಾಯುವುದಿಲ್ಲ. ಪ್ರತಿ ವರ್ಷ ಉಳುಮೆ ಆ ತೆಳು ತಾಮ್ರವನ್ನು ಬಗ್ಗಿಸುತ್ತದೆ, ಮುರಿಯುತ್ತದೆ. ರಾಸಾಯನಿಕ ಗೊಬ್ಬರ ಅದನ್ನು ತಿನ್ನುತ್ತದೆ. ಸಾವಿರ ವರ್ಷ ಉಳಿದದ್ದು ಇಪ್ಪತ್ತು ವರ್ಷದಲ್ಲಿ ಪುಡಿಯಾಗಬಹುದು. ಡಿಟೆಕ್ಟರ್ ಬೇಡ ಎನ್ನುವವರು "ವಸ್ತು ಇದ್ದ ಜಾಗದಲ್ಲೇ ಇರಬೇಕು, ತಜ್ಞರೇ ತೆಗೆಯಬೇಕು" ಎನ್ನುತ್ತಾರೆ. ಉತ್ತ ಹೊಲದ ಮೇಲ್ಮಣ್ಣಿನಲ್ಲಿ ಯಾವ ಜಾಗ, ಯಾವ ಪದರ? ನೂರು ಸಲ ಮಗುಚಿದ ಮಣ್ಣದು. ಆ ತಜ್ಞರು ದೇಶದ ಪ್ರತಿ ಹೊಲಕ್ಕೂ ಯಾವಾಗ ಬರುತ್ತಾರೆ? ಪದವಿ ಇದ್ದವರಿಗೆ ಮಾತ್ರ ನೆಲದ ಮೇಲೆ ಹಕ್ಕು ಎಂಬ ಮಾತು ನನಗೆ ಒಂದು ಚೂರೂ ಒಪ್ಪಿಗೆಯಾಗುವುದಿಲ್ಲ.

ಹಣದ ಆಸೆ ಎಂದೂ ಹೇಳುತ್ತಾರೆ. ಒಂಟಿ ತಾಮ್ರದ ಬ್ರೋಚಿಗೆ ಸಾಮಾನ್ಯವಾಗಿ ಯಾವ ಬಹುಮಾನವೂ ಇಲ್ಲ. ಚಿನ್ನ ಬೆಳ್ಳಿಯದಾಗಿ, 300 ವರ್ಷ ಹಳೆಯದಾದರೆ 1996ರ ಟ್ರೆಷರ್ ಆಕ್ಟ್ ಪ್ರಕಾರ 14 ದಿನದೊಳಗೆ ತಿಳಿಸಬೇಕು. ಮ್ಯೂಸಿಯಂ ಇಟ್ಟುಕೊಂಡರೆ ಅದರ ಬೆಲೆ ಸಿಕ್ಕವರಿಗೂ ಜಮೀನಿನವರಿಗೂ ಹಂಚಿಕೆಯಾಗುತ್ತದೆ. ನಮ್ಮ ಅಜ್ಜನಿಗೆ ಮೂವತ್ತು ವರ್ಷದಲ್ಲಿ ಸಿಕ್ಕ ಬಹುಮಾನದ ಹಣ ಅವರ ಬ್ಯಾಟರಿ ಖರ್ಚಿಗೂ ಸಾಲದು.

ನನ್ನ ಸ್ವಂತ ಅಜ್ಜಿಯ ವಿಷಯ ಹೇಳಲೇಬೇಕು. ಹಾಸನದ ಹತ್ತಿರ ನಮ್ಮ ರಾಗಿ ಹೊಲ. ಮದುವೆಯಾದ ಎರಡನೇ ವರ್ಷ, ಕಳೆ ತೆಗೆಯುವಾಗ ಅಜ್ಜಿಯ ಒಂದು ಕಿವಿಯ ಬುಗುಡಿ ಬಿದ್ದುಹೋಯಿತು. ಅತ್ತೆಗೆ ಹೇಳಲು ಹೆದರಿ ಮೂರು ದಿನ ಸೆರಗು ಹೊದ್ದುಕೊಂಡೇ ಓಡಾಡಿದರಂತೆ. ಆಮೇಲೆ ಐವತ್ತು ವರ್ಷ, ಪ್ರತಿ ಸಲ ಉಳುಮೆಯಾದಾಗ ಆ ಸಾಲಿನಲ್ಲಿ ಒಮ್ಮೆ ಬಗ್ಗಿ ನೋಡದೆ ಅಜ್ಜಿ ಮನೆಗೆ ಬರುತ್ತಿರಲಿಲ್ಲ. ಇನ್ನೊಂದು ಬುಗುಡಿ ಈಗ ನನ್ನ ಹತ್ತಿರ ಇದೆ. ಲಿಂಕನ್‌ಶೈರಿನ ಆ ಬಿಲ್ಲೆಯನ್ನು ಕಳೆದುಕೊಂಡ ಹೆಂಗಸೂ ಹೀಗೇ ಬಗ್ಗಿ ಹುಡುಕಿರಬೇಕು, ಅಲ್ವಾ? ಅವಳ ಹುಡುಕಾಟವನ್ನು ಯಾರಾದರೂ ಮುಗಿಸಿಕೊಟ್ಟರೆ ಅದನ್ನು ಅಪರಾಧ ಎಂದು ಕರೆಯಲು ನನಗಂತೂ ಆಗುವುದಿಲ್ಲ.

ವಿರೋಧ: ಬ್ರೋಚ್ ಒಂದೇ ಸಾಲದು

ಈ ಬದಿ ಬರೆಯಿರಿ ಎಂದು ಕೇಳಿದಾಗ ಎರಡು ದಿನ ಯೋಚಿಸಿದೆ. ಐರ್ಲೆಂಡಿನ ಕಾಯ್ದೆ ಪೂರ್ತಿ ಸರಿ ಎಂದು ನಾನು ಎದೆ ತಟ್ಟಿ ಹೇಳಲಾರೆ. ಆದರೂ ಕೆಲಸದ ಮೇಲೆ ಎರಡು ವರ್ಷ ಡಬ್ಲಿನ್‌ನಲ್ಲಿದ್ದವನು ನಾನು. ಆ ದೇಶ ಯಾಕೆ ಹಾಗೆ ಯೋಚಿಸಿತು ಎಂದು ಹೇಳುವವರೂ ಒಬ್ಬರು ಬೇಕು.

ಮೊದಲು ಒಂದು ಉದಾಹರಣೆ. 2001ರಲ್ಲಿ ಯಾರ್ಕ್‌ಷೈರಿನ ಆಡ್ವಿಕ್-ಲೆ-ಸ್ಟ್ರೀಟ್‌ನಲ್ಲಿ ಪುರಾತತ್ವದವರು ಒಂದು ವೈಕಿಂಗ್ ಹೆಂಗಸಿನ ಸಮಾಧಿ ಅಗೆದರು. ಮೊಟ್ಟೆಯಾಕಾರದ ಎರಡು ಬ್ರೋಚ್, ಒಂದು ಬಟ್ಟಲು, ಕೀಲಿಕೈ, ಚಾಕು ಇದ್ದವು. ಎರಡು ಬ್ರೋಚ್ ಒಂದಕ್ಕೊಂದು ಜೋಡಿಯಲ್ಲ, ಬೇರೆ ಬೇರೆ. ಅವಳ ಹಲ್ಲನ್ನು ಪರೀಕ್ಷಿಸಿದಾಗ ಅವಳು ಬೆಳೆದದ್ದು ಇಂಗ್ಲೆಂಡಿನಲ್ಲಲ್ಲ, ನಾರ್ವೆಯ ಟ್ರಾಂಡ್‌ಹೈಮ್ ಕಡೆ ಅಥವಾ ಸ್ಕಾಟ್ಲೆಂಡಿನ ಈಶಾನ್ಯದಲ್ಲಿ ಇರಬಹುದು ಎಂದು ತಿಳಿಯಿತು. ಬರೀ ಬ್ರೋಚ್ ಯಾರದೋ ಚೀಲದಲ್ಲಿ ಮನೆ ಸೇರಿದ್ದರೆ ಆ ಹೆಂಗಸಿನ ಬಗ್ಗೆ ಏನು ಗೊತ್ತಾಗುತ್ತಿತ್ತು? ಬ್ರೋಚಿನ ಪಿನ್ನಿಗೆ ಅಂಟಿದ ತುಕ್ಕಿನಲ್ಲಿ ಕೆಲವೊಮ್ಮೆ ಬಟ್ಟೆಯ ನೂಲು ಕಲ್ಲಿನಂತೆ ಗಟ್ಟಿಯಾಗಿ ಉಳಿದಿರುತ್ತದೆ. ನೇಯ್ಗೆ ಯಾವುದು, ಉಣ್ಣೆಯೋ ನಾರುಬಟ್ಟೆಯೋ ಎಂದು ಅದರಿಂದ ಹೇಳಬಹುದು. ಹಲ್ಲುಜ್ಜುವ ಬ್ರಷ್ಷಿನಿಂದ ಒಂದು ಸಲ ತಿಕ್ಕಿದರೆ ಮುಗಿಯಿತು. ಎಲ್ಲರ ಪಕ್ಕದಲ್ಲೂ ಕೈ ಹಿಡಿದು ತಡೆಯುವ ಅಜ್ಜ ಇರುವುದಿಲ್ಲ.

ಎಲ್ಲರೂ ಪ್ರಾಮಾಣಿಕರೂ ಅಲ್ಲ. 2015ರಲ್ಲಿ ಹೆರ್‌ಫರ್ಡ್‌ಷೈರಿನಲ್ಲಿ ಇಬ್ಬರಿಗೆ ವೈಕಿಂಗ್ ಕಾಲದ ಆಭರಣ ಮತ್ತು ಸುಮಾರು 300 ನಾಣ್ಯಗಳ ನಿಧಿ ಸಿಕ್ಕಿತು. ನಿಯಮದಂತೆ ಎಲ್ಲವನ್ನೂ ತಿಳಿಸಲಿಲ್ಲ, ಮಾರತೊಡಗಿದರು. 2019ರಲ್ಲಿ ಜೈಲು ಶಿಕ್ಷೆಯಾಯಿತು. ಹೆಚ್ಚಿನ ನಾಣ್ಯಗಳು ಕೈಗೆ ಸಿಗಲೇ ಇಲ್ಲ. ಯಾರಿಗೆ ಬೇಕಾದರೂ ಹೊಲ ತೆರೆದಿಟ್ಟರೆ ಹೊಲವೆಲ್ಲ ಲಾಟರಿ ಅಂಗಡಿಯಾಗುತ್ತದೆ. ನಿಧಿಯ ಆಸೆ ಏನು ಮಾಡುತ್ತದೆ ಎಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ನಮ್ಮೂರ ಹಾಳುಗುಡಿಯ ಬಸವಣ್ಣನನ್ನು ಒಂದು ಅಮಾವಾಸ್ಯೆಯ ರಾತ್ರಿ ಯಾರೋ ಕಿತ್ತು ಪಕ್ಕಕ್ಕೆ ಉರುಳಿಸಿ ಕೆಳಗೆ ಆಳುದ್ದ ಗುಂಡಿ ತೋಡಿದ್ದರು. ಏನೂ ಸಿಕ್ಕಿರಲಿಲ್ಲವಂತೆ. ಕಿವಿ ಮುರಿದ ಬಸವಣ್ಣನನ್ನು ನಾವು ಹುಡುಗರೆಲ್ಲ ಸೇರಿ ಎತ್ತಿ ಕೂರಿಸಿದ್ದು ನನಗೆ ಇನ್ನೂ ನೆನಪಿದೆ.

ಐರ್ಲೆಂಡಿಗೂ ಅಂಥ ಒಂದು ಭಯ ಇತ್ತು. 1980ರಲ್ಲಿ ಡೆರಿನಾಫ್ಲಾನ್ ಎಂಬಲ್ಲಿ, ಹಳೆಯ ಮಠದ ಜಾಗದಲ್ಲಿ, ತಂದೆ-ಮಗ ಡಿಟೆಕ್ಟರ್ ಹಿಡಿದು ಬೆಳ್ಳಿಯ ಪೂಜಾಪಾತ್ರೆ ಅಗೆದು ತೆಗೆದರು. ಅದು ಯಾರಿಗೆ ಸೇರಬೇಕು ಎಂದು ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1987ರಲ್ಲಿ ಕಾಯ್ದೆ ಬಿಗಿಯಾಯಿತು. 1994ರಲ್ಲಿ ಇನ್ನೊಂದು ಕಾಯ್ದೆ ಬಂದು, ಒಡೆಯರು ಗೊತ್ತಿಲ್ಲದ ಪುರಾತನ ವಸ್ತು ಸರ್ಕಾರಕ್ಕೆ ಸೇರಿದ್ದು ಎಂದಾಯಿತು. ಅಲ್ಲಿ ಹೊಲಗಳನ್ನು ಉಳುವುದಿಲ್ಲವೇ ಎಂದು ಕೇಳಬೇಡಿ, ಅದು ಬೇರೆಯೇ ಚರ್ಚೆ.

ಡಬ್ಲಿನ್‌ನಲ್ಲಿ ಭಾನುವಾರ ಮಳೆ ಬಂದರೆ ನಾನು ಕಿಲ್ಡೇರ್ ಬೀದಿಯ ನ್ಯಾಷನಲ್ ಮ್ಯೂಸಿಯಂಗೆ ಹೋಗುತ್ತಿದ್ದೆ. ಅಲ್ಲಿ ತಾರಾ ಬ್ರೋಚ್ ಇದೆ. ಸುಮಾರು 700ನೇ ಇಸವಿಯ ಕೆಲಸ. ಬೆಳ್ಳಿಗೆ ಚಿನ್ನದ ಲೇಪ, ಕೂದಲೆಳೆಯಂಥ ಚಿನ್ನದ ತಂತಿ, ಅಂಬರ್ (ಕಲ್ಲಾದ ಮರದ ಅಂಟು), ಗಾಜು. ಹಿಂಬದಿಯೂ ಮುಂಬದಿಯಷ್ಟೇ ಚೆಂದ, ಧರಿಸಿದವರಿಗೆ ಮಾತ್ರ ಗೊತ್ತಿರುವಂಥ ಚೆಂದ. ನಾನು ಅದರ ಮುಂದೆ ಅರ್ಧ ಗಂಟೆ ನಿಂತದ್ದೂ ಇದೆ. ಇಷ್ಟಾದರೂ ಅದಕ್ಕೂ ತಾರಾ ಬೆಟ್ಟಕ್ಕೂ ಯಾವ ಸಂಬಂಧವೂ ಇಲ್ಲ. 1850ರಲ್ಲಿ ಬೆಟ್ಟಿಸ್ಟೌನ್ ಕಡಲ ತೀರದಲ್ಲಿ ಒಬ್ಬ ಬಡ ಹೆಂಗಸಿಗೆ ಸಿಕ್ಕಿತು ಎನ್ನುತ್ತಾರೆ. ಕೊಂಡುಕೊಂಡ ಡಬ್ಲಿನ್‌ನ ಆಭರಣ ವ್ಯಾಪಾರಿ ಜಾರ್ಜ್ ವಾಟರ್‌ಹೌಸ್, ಹಳೆಯ ರಾಜರ ಬೆಟ್ಟದ ಹೆಸರಿಟ್ಟರೆ ಚೆನ್ನಾಗಿ ಮಾರಾಟವಾಗುತ್ತದೆ ಎಂದು ತಾರಾ ಎಂದು ಕರೆದ, ಅದರ ನಕಲುಗಳನ್ನೂ ಮಾರಿದ. ಕಡಲ ತೀರದ ಕಥೆಯೂ ನಿಜವೋ ಇಲ್ಲವೋ. ಊರೊಳಗಿನ ಯಾರದೋ ಜಮೀನಿನಲ್ಲಿ ಸಿಕ್ಕಿರಬಹುದು, ಜಮೀನ್ದಾರ ಪಾಲು ಕೇಳುತ್ತಾನೆಂದು ಜಾಗ ಬದಲಿಸಿ ಹೇಳಿರಬಹುದು ಎಂದು ಹಲವರ ಅನುಮಾನ. ಆ ಬಡ ಹೆಂಗಸನ್ನು ದೂರಲು ನನಗೆ ಮನಸ್ಸಿಲ್ಲ. ಅವಳಿಗೆ ನ್ಯಾಯವಾದ ಬೆಲೆ ಸಿಗುವ ಭರವಸೆ ಇದ್ದಿದ್ದರೆ ಸುಳ್ಳು ಹೇಳಬೇಕಾಗುತ್ತಿರಲಿಲ್ಲ ಎಂದು ಎದುರು ಬದಿಯವರು ಹೇಳಿದರೆ ನಾನು ಅರ್ಧ ತಲೆಯಾಡಿಸುತ್ತೇನೆ. ಆದರೆ ಆ ಬ್ರೋಚ್ ಯಾರದ್ದು, ಸಮಾಧಿಯಲ್ಲಿತ್ತೋ, ಯಾರಾದರೂ ಹೂತಿಟ್ಟಿದ್ದರೋ, ಪಕ್ಕದಲ್ಲಿ ಇನ್ನೇನು ಇತ್ತು, ಒಂದೂ ನಮಗೆ ಗೊತ್ತಿಲ್ಲ. ಗಾಜಿನ ಪೆಟ್ಟಿಗೆಯ ಮುಂದೆ ನಿಂತಾಗಲೆಲ್ಲ ನನಗೆ ಅವಳನ್ನು ಕೇಳಬೇಕು ಅನ್ನಿಸುತ್ತಿತ್ತು: ನಿಜವಾಗಿ ಎಲ್ಲಿ ಸಿಕ್ಕಿತಮ್ಮಾ?