ನೇಪಾಳ ಭಾರತದ ಮೇಲಿನ ವ್ಯಾಪಾರದ ಅವಲಂಬನೆಯನ್ನು ತಗ್ಗಿಸಿಕೊಳ್ಳಬೇಕೇ?

ಪರ: ಒಂದೇ ದಾರಿಯನ್ನು ನಂಬಿ ಎಷ್ಟು ದಿನ?

2015ರ ಏಪ್ರಿಲ್‌ನ ಭೂಕಂಪದಲ್ಲಿ ನೇಪಾಳ ಸುಮಾರು ಒಂಬತ್ತು ಸಾವಿರ ಜನರನ್ನು ಕಳೆದುಕೊಂಡಿತು. ಅದೇ ವರ್ಷ ಸೆಪ್ಟೆಂಬರ್ 20ರಂದು ಹೊಸ ಸಂವಿಧಾನ ಜಾರಿಯಾಯಿತು. ಕೆಲವೇ ದಿನಗಳಲ್ಲಿ ಭಾರತ–ನೇಪಾಳದ ನಡುವಿನ ರಕ್ಸೌಲ್–ಬೀರ್‌ಗಂಜ್ ಗಡಿಯಲ್ಲಿ ಲಾರಿಗಳು ಸಾಲುಗಟ್ಟಿ ನಿಂತವು. ದಾರಿ ತಡೆದವರು ಆ ಸಂವಿಧಾನವನ್ನು ವಿರೋಧಿಸಿದ, ನೇಪಾಳದ ದಕ್ಷಿಣ ಬಯಲಿನ ಮಧೇಸಿ ಸಮುದಾಯದ ಪ್ರತಿಭಟನಕಾರರು ಎಂದು ದೆಹಲಿ ಹೇಳಿತು. ಕಠ್ಮಂಡುವಿನಲ್ಲಿ ಅದನ್ನು ನಂಬಿದವರು ಕಡಿಮೆ. ಯಾರ ಮಾತು ನಿಜವೇ ಆಗಿರಲಿ, ಸಿಲಿಂಡರ್ ಸಿಗದೆ ಸೌದೆ ಒಲೆ ಹಚ್ಚಿದವರು, ಪೆಟ್ರೋಲ್ ಬಂಕಿನ ಮುಂದೆ ರಾತ್ರಿ ಕಳೆದವರು, ಔಷಧಿಗೆ ಅಲೆದವರು ನೇಪಾಳದ ಸಾಮಾನ್ಯ ಜನ. ಮನೆ ಕುಸಿದು ತಗಡಿನ ಶೆಡ್ಡಿನಲ್ಲಿದ್ದವರು ಆ ಚಳಿಗಾಲವನ್ನು ಹೀಗೆಯೇ ಕಳೆಯಬೇಕಾಯಿತು. 1989ರಲ್ಲಿಯೂ ವ್ಯಾಪಾರ ಮತ್ತು ಸಾಗಣೆ ಒಪ್ಪಂದದ ಅವಧಿ ಮುಗಿದಾಗ ಎರಡನ್ನು ಬಿಟ್ಟು ಉಳಿದ ಗಡಿದಾರಿಗಳನ್ನೆಲ್ಲ ಭಾರತ ಮುಚ್ಚಿತ್ತು.

ಮುನಿಸಿಲ್ಲದಾಗಲೂ ಪೆಟ್ಟು ತಪ್ಪುವುದಿಲ್ಲ. 2020ರ ಜನವರಿಯಲ್ಲಿ, ಮಲೇಷ್ಯಾದೊಂದಿಗೆ ಮನಸ್ತಾಪವಿದ್ದ ಹೊತ್ತಿನಲ್ಲಿ, ಸಂಸ್ಕರಿತ ತಾಳೆ ಎಣ್ಣೆಯ ಆಮದಿಗೆ ಭಾರತ ನಿರ್ಬಂಧ ಹೇರಿತು. ಕಚ್ಚಾ ಎಣ್ಣೆ ತರಿಸಿ, ಶುದ್ಧೀಕರಿಸಿ, ಭಾರತಕ್ಕೆ ಮಾರುತ್ತಿದ್ದ ನೇಪಾಳದ ಕಾರ್ಖಾನೆಗಳ ವಹಿವಾಟು ಕುಸಿಯಿತು. ಒಂದು ಅಧಿಸೂಚನೆ ಸಾಕಾಯಿತು. ಚೀನಾದ ಪಾಲಿರುವ ಜಲವಿದ್ಯುತ್ ಯೋಜನೆಗಳ ವಿದ್ಯುತ್ತನ್ನೂ ಭಾರತ ಕೊಳ್ಳುವುದಿಲ್ಲ. ತನ್ನ ನದಿಗೆ ಯಾರ ಹಣ ತರಬೇಕೆಂಬುದನ್ನು ಗಿರಾಕಿಯ ಮರ್ಜಿ ನೋಡಿ ತೀರ್ಮಾನಿಸಬೇಕಾದ ಸ್ಥಿತಿ ಯಾವ ಸ್ವತಂತ್ರ ದೇಶಕ್ಕೂ ಬರಬಾರದು. ಚೀನಾದತ್ತ ಹೋಗುವ ಉತ್ತರದ ದಾರಿ ದುಬಾರಿಯೇ ಇರಬಹುದು. ಆದರೂ ಅದು ತೆರೆದಿರಬೇಕು.

ವಿರೋಧ: ಹಿಮಾಲಯವನ್ನು ಸರಿಸಲಾಗದು

ದಿಗ್ಬಂಧನದ ನೋವು ನಿಜ. ಆದರೆ ಆಗ ಚೀನಾ ನೆರವಾಗಿ ಕೊಟ್ಟ ಪೆಟ್ರೋಲ್ ಸುಮಾರು 13 ಲಕ್ಷ ಲೀಟರ್, ಕೆಲವು ದಿನಗಳಿಗೂ ಸಾಲದಷ್ಟು. 2016ರಲ್ಲಿ ಬೀಜಿಂಗ್‌ನಲ್ಲಿ ಸಾಗಣೆ ಒಪ್ಪಂದಕ್ಕೆ ಸಹಿ ಬಿದ್ದರೂ ನೇಪಾಳದ ಸರಕು ಈಗಲೂ ಹೆಚ್ಚಾಗಿ ಕೋಲ್ಕತ್ತ, ಹಲ್ದಿಯಾ ಬಂದರುಗಳಿಂದಲೇ ಬರುತ್ತದೆ. ಭೂಕಂಪಕ್ಕೆ ಮುಚ್ಚಿದ, ಚೀನಾದತ್ತಣ ತಾತೋಪಾನಿ ಗಡಿ ಮತ್ತೆ ತೆರೆದದ್ದು 2019ರಲ್ಲಿ. ಅದೇ ಗಡಿಯ ಇನ್ನೊಂದು ದಾರಿಯಾದ ರಸುವಾಗಢಿಯ ಸೇತುವೆ 2025ರ ಜುಲೈ ಪ್ರವಾಹಕ್ಕೆ ಕೊಚ್ಚಿಹೋಯಿತು. ಅತ್ತ 2019ರಲ್ಲಿ ಶುರುವಾದ 69 ಕಿಲೋಮೀಟರ್ ಉದ್ದದ, ಬಿಹಾರದ ಮೋತಿಹಾರಿಯಿಂದ ನೇಪಾಳದ ಅಮ್ಲೇಖ್‌ಗಂಜ್‌ಗೆ ಹೋಗುವ ಕೊಳವೆ ಮಾರ್ಗದಲ್ಲಿ ಡೀಸೆಲ್ ಹರಿಯುತ್ತಿದೆ.

ನಂಟು ಸರಕಿನದಷ್ಟೇ ಅಲ್ಲ. 1993ರಿಂದ ನೂರು ಭಾರತೀಯ ರೂಪಾಯಿಗೆ 160 ನೇಪಾಳಿ ರೂಪಾಯಿಯ ದರ ನಿಂತಿದೆ. ಬೆಂಗಳೂರಿನ ಹೋಟೆಲ್ ಅಡುಗೆಮನೆಗಳಲ್ಲಿ, ಅಪಾರ್ಟ್‌ಮೆಂಟ್‌ಗಳ ಕಾವಲಿನಲ್ಲಿ ದುಡಿಯುವ ನೇಪಾಳಿಗರು ಪಾಸ್‌ಪೋರ್ಟ್, ವೀಸಾ ಇಲ್ಲದೆ ಬಂದು ಹೋಗುತ್ತಾರೆ. ಈ ತೆರೆದ ಗಡಿಗೆ ಬದಲಿ ಬೀಜಿಂಗ್‌ನಲ್ಲಿ ಸಿಗುವುದಿಲ್ಲ.

ನೇಪಾಳಕ್ಕೆ ತುರ್ತಾಗಿ ಬೇಕಿರುವುದು ಇಂಧನ ದಾಸ್ತಾನು, ಏಲಕ್ಕಿ, ಶುಂಠಿಯನ್ನು ತನ್ನಲ್ಲೇ ಸಂಸ್ಕರಿಸುವ ಘಟಕಗಳು ಮತ್ತು ದಾರಿ ತಡೆಯದಂಥ ಗಟ್ಟಿ ಒಪ್ಪಂದ. 2024ರಲ್ಲಿ ಭಾರತ ಹತ್ತು ವರ್ಷಗಳಲ್ಲಿ 10,000 ಮೆಗಾವಾಟ್ ಕೊಳ್ಳಲು ಒಪ್ಪಿತು. ಅದೇ ವರ್ಷದ ನವೆಂಬರ್‌ನಲ್ಲಿ 40 ಮೆಗಾವಾಟ್ ಬಾಂಗ್ಲಾದೇಶಕ್ಕೂ ಹೋಯಿತು. ಮೂರನೇ ದೇಶಕ್ಕೆ ನೇಪಾಳ ಮಾರಿದ ಆ ಮೊದಲ ವಿದ್ಯುತ್ ಸಾಗಿದ್ದು ಭಾರತದ ತಂತಿಗಳ ಮೂಲಕವೇ.