ನೈತಿಕತೆಯನ್ನು ಪ್ರಶ್ನಾವಳಿಯಿಂದ ಅಳೆಯಬಹುದೇ?

ಪರ

ಅಮೆರಿಕದ ಮನಶ್ಶಾಸ್ತ್ರಜ್ಞ ಲಾರೆನ್ಸ್ ಕೋಲ್‌ಬರ್ಗ್ ಗುರುತಿಸಿದ ನೈತಿಕ ಬೆಳವಣಿಗೆಯ ಆರು ಹಂತಗಳನ್ನು ಮನಶ್ಶಾಸ್ತ್ರ ಬಹುಕಾಲ ನೆಚ್ಚಿಕೊಂಡಿತ್ತು. ಅವುಗಳ ತುದಿಯಲ್ಲಿದ್ದದ್ದು ಎಲ್ಲರಿಗೂ ಒಂದೇ ಆಗಿ ಅನ್ವಯಿಸುವ ಅಮೂರ್ತ ನ್ಯಾಯತತ್ತ್ವ. ಬಂಧುಮಿತ್ರರ ಋಣಕ್ಕೆ ಕಟ್ಟುಬಿದ್ದು ಯೋಚಿಸುವವರು ನಡುವಿನ ಹಂತದಲ್ಲೇ ಉಳಿದವರೆನಿಸುತ್ತಿದ್ದರು. ಈ ಎಣಿಕೆಯನ್ನು ಅಲುಗಾಡಿಸಿದ ಅಧ್ಯಯನಗಳಲ್ಲಿ ಒಂದು ನಮ್ಮ ಮೈಸೂರಿನಲ್ಲೇ ನಡೆಯಿತು. ಜೋನ್ ಮಿಲ್ಲರ್ ಮತ್ತು ಡೇವಿಡ್ ಬರ್ಸಾಫ್ 1992ರಲ್ಲಿ ಪ್ರಕಟಿಸಿದ ಆ ಅಧ್ಯಯನ, ಮೈಸೂರಿನವರ ಮುಂದೆಯೂ ಅಮೆರಿಕದ ನ್ಯೂ ಹೇವನ್ ನಗರದವರ ಮುಂದೆಯೂ ಒಂದೇ ಬಗೆಯ ಇಕ್ಕಟ್ಟುಗಳನ್ನು ಇಟ್ಟಿತು. ಆಪ್ತ ಗೆಳೆಯನ ಮದುವೆಗೆ ಉಂಗುರ ಒಯ್ಯುತ್ತಿರುವವನ ಹಣ ಕಳುವಾಗಿದೆ. ಬೇರೊಬ್ಬರ ಕೋಟಿನಿಂದ ರೈಲು ಟಿಕೆಟ್ ಕದ್ದರೆ ಮಾತ್ರ ಆತ ಹೊತ್ತಿಗೆ ಸರಿಯಾಗಿ ತಲುಪಬಲ್ಲ. ಇಂಥ ಪ್ರಸಂಗಗಳಲ್ಲಿ ಭಾರತೀಯರ ಪೈಕಿ ಬಹುಪಾಲು ಜನ ಗೆಳೆಯನ ಪರ ನಿಂತರೆ, ಅಮೆರಿಕನ್ನರಲ್ಲಿ ಹೆಚ್ಚಿನವರು ಕದಿಯಬಾರದೆಂಬ ನಿಯಮದ ಪರ ನಿಂತರು. ಒಂದೇ ಪ್ರಶ್ನೆಯನ್ನು ಎರಡೂ ಕಡೆ ಕೇಳದೆ ಇದನ್ನು ಖಚಿತಪಡಿಸಿಕೊಳ್ಳುವ ದಾರಿ ಯಾವುದಿತ್ತು?

ಜೊನಾಥನ್ ಹೈಟ್, ಜೆಸ್ಸಿ ಗ್ರಹಾಂ ಮೊದಲಾದ ಮನಶ್ಶಾಸ್ತ್ರಜ್ಞರು 2011ರಲ್ಲಿ ಪ್ರಕಟಿಸಿದ ಪ್ರಶ್ನಾವಳಿ ಆರೈಕೆ, ನ್ಯಾಯ, ನಿಷ್ಠೆ, ಅಧಿಕಾರ, ಪಾವಿತ್ರ್ಯ ಎಂಬ ನೈತಿಕತೆಯ ಐದು ತಳಹದಿಗಳನ್ನು 0ಯಿಂದ 5ರವರೆಗಿನ ಅಂಕಗಳಲ್ಲಿ ಅಳೆಯುತ್ತದೆ. 2023ರ ಪರಿಷ್ಕರಣೆಯಲ್ಲಿ ನ್ಯಾಯವನ್ನು ಸಮಾನತೆ ಮತ್ತು ದುಡಿಮೆಗೆ ತಕ್ಕ ಪಾಲು ಎಂದು ಎರಡಾಗಿ ಒಡೆಯಲಾಯಿತು. ಕುಂದು ಎಲ್ಲಿದೆಯೆಂದು ತಾನೇ ತೋರಿಸಿಕೊಡುವ ಸಾಧನವನ್ನು ತಿದ್ದಬಹುದು. ಬೇರೆ ನಾಡಿನವರ ನೀತಿಯ ಬಗ್ಗೆ ಪ್ರವಾಸಿಯೊಬ್ಬ ಹೊತ್ತು ತರುವ ಅನಿಸಿಕೆಯನ್ನು ತಿದ್ದುವುದು ಹೇಗೆ?

ವಿರೋಧ

ಮೈಸೂರಿನ ಅಧ್ಯಯನವನ್ನು ಅಂಕಪಟ್ಟಿಯ ಗೆಲುವೆಂದು ಲೆಕ್ಕಕ್ಕೆ ಹಿಡಿಯುವುದು ಸರಿಯಲ್ಲ. ಅಲ್ಲಿ ಕಥೆಯಿತ್ತು, ಸಂದರ್ಭವಿತ್ತು, ಯಾರು ಯಾರಿಗೆ ಏನಾಗಬೇಕೆಂಬುದು ತಿಳಿದಿತ್ತು. ಅಂಕ ಹಾಕಿಸಿಕೊಳ್ಳುವ ಪಟ್ಟಿಯಲ್ಲಿರುವುದು ಬಿಡಿ ವಾಕ್ಯಗಳು.

ಮಾನವಶಾಸ್ತ್ರಜ್ಞ ರಿಚರ್ಡ್ ಶ್ವೇಡರ್ ಮತ್ತು ಸಂಗಡಿಗರು ಭುವನೇಶ್ವರದಲ್ಲಿ ಸಂದರ್ಶನಗಳನ್ನು ನಡೆಸಿ 1987ರಲ್ಲಿ ಪ್ರಕಟಿಸಿದ ಕೆಲಸದಲ್ಲಿ ಹೀಗೊಂದು ಪ್ರಸಂಗವಿದೆ: ತಂದೆ ತೀರಿಕೊಂಡ ಮರುದಿನ ಹಿರಿಮಗ ಕ್ಷೌರ ಮಾಡಿಸಿಕೊಂಡು ಕೋಳಿ ತಿಂದ. ಅಲ್ಲಿನ ಬ್ರಾಹ್ಮಣ ಮಕ್ಕಳು ಇದನ್ನು ಘೋರ ತಪ್ಪುಗಳ ಸಾಲಿಗೆ ಸೇರಿಸಿದರು. ಶಿಕಾಗೋದ ಮಕ್ಕಳಿಗೆ ಅದರಲ್ಲಿ ತಪ್ಪೇ ಕಾಣಲಿಲ್ಲ. ಅಂಕವನ್ನಷ್ಟೇ ನೋಡುವವರು ಇದನ್ನು ಪಾವಿತ್ರ್ಯದ ಖಾತೆಗೆ ಹಾಕಿ ಮುಂದೆ ಹೋಗುತ್ತಾರೆ. ಆದರೆ ಸೂತಕದ ನೇಮ ಮುರಿದರೆ ಸತ್ತವರಿಗೆ ಸದ್ಗತಿಯಿಲ್ಲವೆಂದು ನಂಬುವವರ ಪಾಲಿಗೆ ಆ ಮಗ ಮಾಡಿದ್ದು ಹೆತ್ತ ತಂದೆಗೇ ಬಗೆದ ಕೇಡು. ಸೂತಕ ಆಚರಿಸುವ ನಮ್ಮ ಮನೆಗಳವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಾಗಾದರೆ ಆ ಅಂಕ ಸೇರಬೇಕಾದದ್ದು ಪಾವಿತ್ರ್ಯಕ್ಕೋ, ಆರೈಕೆಗೋ?

ಮತ್ತೊಂದು ತೊಡಕೆಂದರೆ, ಜನ ತಮ್ಮನ್ನು ತಾವು ತೂಗಿ ನೋಡಿಕೊಳ್ಳುವುದು ಸುತ್ತಲಿನವರ ಜೊತೆಗೆ. ಹಿರಿಯರ ಮಾತು ಮೀರುವುದೇ ಅಪರೂಪವಾದ ಊರಿನಲ್ಲಿ, ಆಗೊಮ್ಮೆ ಈಗೊಮ್ಮೆ ಎದುರಾಡುವವಳು ವಿಧೇಯತೆಗೆ ಎರಡೇ ಅಂಕ ಹಾಕಿಕೊಂಡಾಳು. ಅಷ್ಟೇ ವಿಧೇಯಳಾದವಳು ಬೇರೊಂದು ದೇಶದಲ್ಲಿ ನಾಲ್ಕು ಹಾಕಿಕೊಂಡಾಳು. ಗಮನವಿಟ್ಟು ಓದದವರನ್ನು ಹಿಡಿಯಲೆಂದು 2011ರ ಪಟ್ಟಿಯಲ್ಲಿ, ಒಬ್ಬರು ಗಣಿತದಲ್ಲಿ ಜಾಣರೇ ಎಂಬುದು ಸರಿ-ತಪ್ಪಿನ ತೀರ್ಮಾನಕ್ಕೆ ಎಷ್ಟು ಮುಖ್ಯ ಎಂಬ ಪ್ರಶ್ನೆಯನ್ನೂ ಸೇರಿಸಿದ್ದಾರೆ; ಬಹಳ ಮುಖ್ಯವೆಂದವರು ಗಮನವಿಟ್ಟು ಓದಿಲ್ಲವೆಂದು ಲೆಕ್ಕ. (ಎಸ್ಸೆಸ್ಸೆಲ್ಸಿ ಫಲಿತಾಂಶದ ವಾರ ಕೇಳಿದರೆ ನಮ್ಮ ತಂದೆ-ತಾಯಂದಿರಲ್ಲಿ ಎಷ್ಟು ಮಂದಿ ಸಿಕ್ಕಿಬೀಳುತ್ತಾರೋ!)

ಅದೇ ಪಟ್ಟಿಗೆ 27 ದೇಶಗಳಿಂದ ಬಂದ ಉತ್ತರಗಳನ್ನು ಪರಿಶೀಲಿಸಿ 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಐದು ತಳಹದಿಗಳ ರಚನೆ ಎಲ್ಲ ಕಡೆ ಒಂದೇ ರೀತಿ ನಿಲ್ಲಲಿಲ್ಲ; ಅಂದರೆ ಒಂದೇ ತಳಹದಿಗೆ ಸೇರಬೇಕಾದ ಪ್ರಶ್ನೆಗಳ ಉತ್ತರಗಳು ಎಲ್ಲ ದೇಶಗಳಲ್ಲೂ ಒಂದೇ ಬಗೆಯಲ್ಲಿ ಕೂಡಿಬರಲಿಲ್ಲ. ಹೀಗಿರುವಾಗ ದೇಶಗಳ ಸರಾಸರಿಗಳನ್ನು ಮೇಲೆ-ಕೆಳಗೆ ಜೋಡಿಸಿ ಇಂಥವರೇ ಹೆಚ್ಚು ನಿಷ್ಠರು ಎಂದು ಘೋಷಿಸುವ ಮೊದಲು, ಉತ್ತರಿಸಿದವರಲ್ಲಿ ಕೆಲವರನ್ನಾದರೂ ಎದುರಿಗೆ ಕೂರಿಸಿಕೊಂಡು ಆ ಅಂಕವನ್ನು ಏಕೆ ಹಾಕಿದಿರೆಂದು ಸಂಶೋಧಕರು ಕೇಳಬೇಕಾಗುತ್ತದೆ.