ಇಪ್ಪತ್ತೇಳು ಮನೆ, ಎಲ್ಲರೂ ಬೀಗರು

ಬೀಗರ ಮನೆ ಊಟಕ್ಕೆ ಹೋದವರು ಎಲೆಯ ಮುಂದೆ ಕೂತಿರುವಷ್ಟು ಹೊತ್ತೂ "ಅಡುಗೆ ಭರ್ಜರಿ" ಅನ್ನುತ್ತಾರೆ. ಕೈ ತೊಳೆಯಲು ಎದ್ದಾಗ "ಒಬ್ಬಟ್ಟಿಗೆ ಬಡಿಸಿದ್ದು ತುಪ್ಪಾನೋ ಡಾಲ್ಡಾನೋ?" ಅಂತ ಪಿಸುಗುಟ್ಟುತ್ತಾರೆ. ಯುರೋಪಿಯನ್ ಒಕ್ಕೂಟದ 27 ದೇಶಗಳು ಈ ಸಂಪ್ರದಾಯವನ್ನೇ ಕಾನೂನಾಗಿ ಬರೆದುಕೊಂಡು 'ಪರಸ್ಪರ ಮಾನ್ಯತೆ' ಅಂತ ಹೆಸರಿಟ್ಟಿವೆ. ಒಂದು ದೇಶದಲ್ಲಿ ನ್ಯಾಯವಾಗಿ ಮಾರುವ ಸರಕನ್ನು ಇನ್ನೊಂದು ದೇಶ ತಡೆಯಬಾರದು, ಒಂದು ಕಡೆ ಕಲಿತ ಕಸುಬು ಇನ್ನೊಂದು ಕಡೆಯೂ ನಡೆಯಬೇಕು. ಕಾಗದದ ಮೇಲೆ ಇಷ್ಟೇ.

ಡಾಲ್ಡಾ ಮಾತು ಸುಮ್ಮನೆ ಎತ್ತಿದ್ದಲ್ಲ. ಅದರ ದಾಯಾದಿ ಮಾರ್ಗರೀನ್ ಬೆಲ್ಜಿಯಂನಲ್ಲಿ ಮಾರಾಟವಾಗಬೇಕಾದರೆ ಪೊಟ್ಟಣ ದಾಳದ ಹಾಗೆ ಘನಾಕೃತಿಯಲ್ಲೇ ಇರಬೇಕಿತ್ತು. ಇಲ್ಲದಿದ್ದರೆ ಗಿರಾಕಿ ಬೆಣ್ಣೆ ಅಂದುಕೊಂಡು ಮೋಸಹೋದಾನು ಅನ್ನುವ ಕಾಳಜಿ. ಜರ್ಮನಿಯ ಕಂಪನಿಯೊಂದು ಮೇಲೆ ಅಗಲ, ಕೆಳಗೆ ಕಿರಿದಾದ ಡಬ್ಬಿಯಲ್ಲಿ ಅದೇ ಮಾರ್ಗರೀನ್ ತುಂಬಿ ಕಳಿಸಹೊರಟಿತು. ಒಳಗಿನ ಜಿಡ್ಡಿನ ಬಗ್ಗೆ ಯಾರದ್ದೂ ತಕರಾರಿಲ್ಲ, ತಕರಾರೆಲ್ಲ ಡಬ್ಬಿಯ ಮೂಲೆಗಳದ್ದು. 1982ರಲ್ಲಿ ಲಕ್ಸೆಂಬರ್ಗಿನಲ್ಲಿರುವ ಯುರೋಪಿನ ನ್ಯಾಯಾಲಯ "ಲೇಬಲ್ ಮೇಲೆ ಬರೆದರೆ ಸಾಲದೇ?" ಎಂಬರ್ಥದ ತೀರ್ಪು ಕೊಟ್ಟಿತು. ಬೆಲ್ಜಿಯಂನಲ್ಲಿ ಮಾರ್ಗರೀನಿಗೆ ಬೇರೆ ಕೆಲವು ದೇಶಗಳಿಗಿಂತ ಬೆಲೆ ಹೆಚ್ಚು, ಆದರೂ ಹೊರದೇಶದ ಮಾಲು ಅಲ್ಲಿ ಕಾಣುವುದೇ ಅಪರೂಪ ಅನ್ನುವುದನ್ನೂ ಗಮನಿಸಿತು. ಘನಾಕೃತಿ ಯಾರನ್ನು ಕಾಯುತ್ತಿತ್ತು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಈ ಮಾನ್ಯತೆಯ ತತ್ವ ಹುಟ್ಟಿದ್ದು ಅದಕ್ಕೂ ಮೂರು ವರ್ಷ ಹಿಂದೆ, ಒಂದು ಬಾಟಲಿಯಲ್ಲಿ. 'ಕಾಸಿಸ್ ದ ದಿಜೋನ್' ಫ್ರಾನ್ಸಿನ ಬ್ಲ್ಯಾಕ್‌ಕರಂಟ್ ಹಣ್ಣಿನ ಸಿಹಿ ಮದ್ಯ. ಅದರಲ್ಲಿ ಮದ್ಯಸಾರ ಶೇ. 15ರಿಂದ 20. ಜರ್ಮನಿಯ ಕಾಯಿದೆಯ ಪ್ರಕಾರ ಹಣ್ಣಿನ ಮದ್ಯದಲ್ಲಿ ಶೇ. 25 ಆದರೂ ಇರಲೇಬೇಕು. ಹೆಚ್ಚಾಯಿತು ಅಂತ ತಡೆದದ್ದಲ್ಲ, ಕಿಕ್ ಸಾಲದು ಅಂತ ತಡೆದದ್ದು! ನ್ಯಾಯಾಲಯದಲ್ಲಿ ಜರ್ಮನ್ ಸರ್ಕಾರ ಹೂಡಿದ ವಾದಕ್ಕೆ ಚಿನ್ನದ ಚೌಕಟ್ಟು ಹಾಕಿಸಬೇಕು. ತೆಳು ಮದ್ಯ ಕುಡಿದರೆ ಮದ್ಯ ಸಲೀಸಾಗಿ ಅಭ್ಯಾಸವಾಗಿಬಿಡುತ್ತದೆ, ಆದ್ದರಿಂದ ಜನರ ಆರೋಗ್ಯಕ್ಕೆ ಗಟ್ಟಿಯದೇ ಒಳ್ಳೆಯದು. ಗಟ್ಟಿ ಮದ್ಯವನ್ನೂ ಜನ ಹೇಗಿದ್ದರೂ ಬೆರೆಸಿಕೊಂಡು ತೆಳು ಮಾಡಿಯೇ ಕುಡಿಯುತ್ತಾರಲ್ಲ ಅಂತ ನ್ಯಾಯಮೂರ್ತಿಗಳು ನೆನಪಿಸಬೇಕಾಯಿತು. 1979ರ ಫೆಬ್ರವರಿ 20ರಂದು ಬಾಟಲಿ ಗೆದ್ದಿತು.

1987ರಲ್ಲಿ ಬಿಯರ್ ಸರದಿ. ಬಾರ್ಲಿ, ಹಾಪ್ಸ್ ಹೂವು, ನೀರು ಬಿಟ್ಟು ಬೇರೇನೂ ಹಾಕಬಾರದು ಅನ್ನುವ 1516ರ ಬವೇರಿಯಾದ ಶುದ್ಧತೆಯ ಶಾಸನ ಹಿಡಿದುಕೊಂಡು ಜರ್ಮನಿ ಬೇರೆ ಥರದ ಪಾನೀಯ 'ಬಿಯರ್' ಹೆಸರು ಹೊರುವುದನ್ನು ತಡೆಯುತ್ತಿತ್ತು. ಅದರಲ್ಲೂ ಸೋತಿತು. ಸೋತಮೇಲೆ ಆದದ್ದು ಇನ್ನೂ ಸೊಗಸು: ಅಕ್ಕಿ, ಜೋಳ ಹಾಕಿದ ಹೊರಗಿನ ಬಿಯರ್ ಈಗ ಬಿಯರೇ, ಬವೇರಿಯಾದವನು ಮಾತ್ರ ಹಳೇ ಶಾಸನಕ್ಕೆ ಕಟ್ಟುಬಿದ್ದೇ ಕುದಿಸಬೇಕು. ಗಡಿ ದಾಟಿ ಬಂದ ನೆಂಟನಿಗೆ ಎಲ್ಲ ರಿಯಾಯಿತಿ, ಮನೆಮಗನಿಗೆ ಮಡಿ. ಇಟಲಿ, ಸ್ಪೇನ್‌ಗಳೂ ಕಮ್ಮಿಯಿಲ್ಲ. ಕೋಕೋ ಬೆಣ್ಣೆಯ ಜೊತೆಗೆ ಬೇರೆ ಸಸ್ಯದ ಕೊಬ್ಬು ಒಂದಿಷ್ಟು ಸೇರಿಸಿದ ಬ್ರಿಟಿಷ್ ಚಾಕೊಲೇಟಿಗೆ 'ಚಾಕೊಲೇಟ್ ಬದಲಿ ಪದಾರ್ಥ' ಅಂತ ಹಣೆಪಟ್ಟಿ ಹಚ್ಚಿ ಮಾರಿಸುತ್ತಿದ್ದವು. 2003ರಲ್ಲಿ ಅದನ್ನೂ ಕೀಳಿಸಬೇಕಾಯಿತು.

ಈಗ 2019ರ ಹೊಸ ನಿಯಮ (ಸಂಖ್ಯೆ 2019/515) ಇದೆ. ವ್ಯಾಪಾರಿ ಒಂದು ಸ್ವಯಂಘೋಷಣೆ ಬರೆದುಕೊಡಬಹುದು: ಈ ಮಾಲು ಇಂಥ ದೇಶದಲ್ಲಿ, ಇಂಥ ನಿಯಮದಂತೆ ಮಾರಾಟದಲ್ಲಿದೆ. ಜೊತೆಗೆ ಲೇಬಲ್ಲಿನ ಫೋಟೊ, ತಾರೀಖಿರುವ ಬಿಲ್ಲು ಇಟ್ಟುಕೊಂಡರೆ ವಾದ ಗಟ್ಟಿ. ಅಧಿಕಾರಿ ತಡೆದರೆ ಕಾರಣ ಬರೆದು ತಿಳಿಸಬೇಕು. ಆಮೇಲೂ ತಕರಾರಿದ್ದರೆ 'ಸಾಲ್ವಿಟ್' ಎಂಬ ಪುಕ್ಕಟೆ ಸೇವೆ ಹತ್ತು ವಾರದಲ್ಲಿ ಬಗೆಹರಿಸುವ ಗುರಿ ಇಟ್ಟುಕೊಂಡಿದೆ. ಸಣ್ಣ ವ್ಯಾಪಾರಿ ಇಷ್ಟನ್ನೆಲ್ಲ ಓದಿ, ನಿಟ್ಟುಸಿರು ಬಿಟ್ಟು, ಆ ದೇಶಕ್ಕೇ ಅಂತ ಬೇರೆ ಲೇಬಲ್ ಪ್ರಿಂಟ್ ಹಾಕಿಸುತ್ತಾನೆ.

ಬಾಟಲಿಯದು ಇಷ್ಟಾದರೆ ಮನುಷ್ಯರದು ಕೇಳಬೇಕೇ?

ಕಸುಬುದಾರರಿಗೆ 2005/36 ಎಂಬ ನಿರ್ದೇಶನವಿದೆ. ಡಾಕ್ಟರು, ನರ್ಸು, ದಂತವೈದ್ಯರು, ಪಶುವೈದ್ಯರು, ಸೂಲಗಿತ್ತಿ, ಫಾರ್ಮಸಿಸ್ಟ್, ಆರ್ಕಿಟೆಕ್ಟ್ ಈ ಏಳು ಮಂದಿಗೆ ಮಾನ್ಯತೆ 'ತಾನಾಗಿಯೇ' ಸಿಗುತ್ತದೆ. ಕಾರಣ, ಕನಿಷ್ಠ ಪಾಠ ಎಷ್ಟಿರಬೇಕು ಅಂತ ಮೊದಲೇ ಲೆಕ್ಕ ಹಾಕಿಟ್ಟಿದ್ದಾರೆ. ನರ್ಸಿಗೆ ಮೂರು ವರ್ಷ, 4,600 ಗಂಟೆ. ಸೂಲಗಿತ್ತಿ ವಿದ್ಯಾರ್ಥಿನಿ ಕನಿಷ್ಠ 40 ಹೆರಿಗೆ ಮಾಡಿಸಿರಬೇಕು. ಬಸುರಿಯರು ಅಷ್ಟು ಸಿಗದಿದ್ದರೆ? ಅದನ್ನೂ ಬರೆದಿದ್ದಾರೆ: 30ಕ್ಕೆ ಇಳಿಸಬಹುದು, ಆದರೆ ಇನ್ನೂ 20 ಹೆರಿಗೆಗಳಲ್ಲಿ ನೆರವಾಗಿರಬೇಕು. ನಲವತ್ತು ಕಷ್ಟ ಅಂದವಳಿಗೆ ಐವತ್ತು ತೋರಿಸುವ ಈ ರಿಯಾಯಿತಿ ಬರೆದವರು ಬಟ್ಟೆ ಅಂಗಡಿಯ ಆಷಾಢ ಸೇಲಿನಲ್ಲಿ ಪಳಗಿದವರೇ ಇರಬೇಕು.

ಉಳಿದ ಕಸುಬುಗಳು 'ಸಾಮಾನ್ಯ ಪದ್ಧತಿ'ಗೆ ಬೀಳುತ್ತವೆ. ಅಲ್ಲಿ ಕಡತ ಹೋಲಿಸಿ ನೋಡುತ್ತಾರೆ. ಅರ್ಜಿ ಸಿಕ್ಕಿದೆ, ಇಂಥ ಕಾಗದ ಕಮ್ಮಿಯಿದೆ ಅಂತ ಒಂದು ತಿಂಗಳಲ್ಲಿ ತಿಳಿಸಬೇಕು. ಕಡತ 'ಪೂರ್ಣ'ವಾದ ಮೇಲೆ ಮೂರು ತಿಂಗಳಲ್ಲಿ ತೀರ್ಮಾನ, ಬೇಕಾದರೆ ಇನ್ನೊಂದು ತಿಂಗಳು. ಗಡಿಯಾರ ಓಡಲು ಶುರುವಾಗುವುದು ಕಡತ ಪೂರ್ಣವಾದ ಮೇಲೆ; ಪೂರ್ಣವಾಯಿತೇ ಇಲ್ಲವೇ ಅಂತ ಹೇಳುವವರು ಗಡಿಯಾರದ ಯಜಮಾನರೇ. ನಮ್ಮಲ್ಲಿ ಸಕಾಲದ ಅರ್ಜಿ ಹಾಕಿದವರಿಗೆ ಇದನ್ನು ವಿವರಿಸುವುದು ಬೇಡ. ಪಾಠದಲ್ಲಿ ದೊಡ್ಡ ವ್ಯತ್ಯಾಸ ಕಂಡರೆ ಎರಡು ದಾರಿ: ಪರೀಕ್ಷೆ ಬರೆಯಿರಿ, ಇಲ್ಲವೇ ಮೂರು ವರ್ಷ ಮೀರದ 'ಹೊಂದಾಣಿಕೆಯ ಅವಧಿ' ಕಳೆಯಿರಿ.

ಈ ಪದ್ಧತಿಯ ಪರಾಕಾಷ್ಠೆ ಕಾಣಬೇಕಾದರೆ ಹಿಮ ಹತ್ತಬೇಕು. ಸ್ಕೀ ಕಲಿಸುವವರ ಜಗಳ ಹರಿಯದೆ 2019ರಲ್ಲಿ ಎಲ್ಲರಿಗೂ ಒಂದೇ ಪರೀಕ್ಷೆ ಅಂತ ಹೊಸ ನಿಯಮ ಬಂತು. ಅದರ ಒಂದು ಭಾಗ ಹಿಮದ ಇಳಿಜಾರಿನಲ್ಲಿ ಬಾವುಟಗಳ ನಡುವೆ ತಿರುಗುತ್ತ ಇಳಿಯುವ ಓಟ. ಮೊದಲು ಪಳಗಿದ ಓಟಗಾರರನ್ನು ಇಳಿಸಿ ಮೂಲ ಸಮಯ ಗೊತ್ತುಮಾಡುತ್ತಾರೆ. ಗಂಡಸರಿಗೆ ಅದರ ಮೇಲೆ ಶೇ. 18, ಹೆಂಗಸರಿಗೆ ಶೇ. 24 ವಿನಾಯಿತಿ. ಮೂಲ ಸಮಯ 50 ಸೆಕೆಂಡಾದರೆ ಅವನು 59ರೊಳಗೆ, ಅವಳು 62ರೊಳಗೆ ಕೆಳಗಿರಬೇಕು. ಪಾಸಾದ ಮೇಲೆ ಮಾಡುವ ಕೆಲಸ? ಐದು ವರ್ಷದ ಮಕ್ಕಳಿಗೆ ಸ್ಕೀಗಳ ಮೂತಿ ಒಂದಕ್ಕೊಂದು ತಾಗುವ ಹಾಗೆ ಹಿಡಿದು ನಿಧಾನವಾಗಿ ನಿಲ್ಲುವುದು ಹೇಗೆ ಅಂತ ಹೇಳಿಕೊಡುವುದು, ಮಧ್ಯೆ ಮಧ್ಯೆ ಮೂಗು ಒರೆಸುವುದು.

ಜರ್ಮನಿಯ ಕುಶಲಕರ್ಮಿಗಳದು ಇನ್ನೊಂದು ಲೋಕ. ಸ್ವಂತ ಅಂಗಡಿ ಇಡಲು ಬೇಕಾದ 'ಮೈಸ್ಟರ್' (ಕಸುಬಿನ ಗುರು) ಪಟ್ಟ 53 ಕಸುಬುಗಳಿಗೆ ಕಡ್ಡಾಯವಲ್ಲ ಅಂತ 2004ರಲ್ಲಿ ಬಿಟ್ಟರು, 2020ರಲ್ಲಿ ಮನಸ್ಸು ಬದಲಾಗಿ 12ನ್ನು ವಾಪಸ್ ಎಳೆದುಕೊಂಡರು. ಅವುಗಳಲ್ಲಿ ಮರದ ಆಟಿಕೆ ಮಾಡುವ ಕಸುಬೂ ಒಂದು. ಹಾಲೆಮರ ಕಡೆದು ಅರಗು ಹಚ್ಚುವ ಚನ್ನಪಟ್ಟಣದವರು ಅಲ್ಲಿ ಅಂಗಡಿ ಹಾಕುವ ಮುನ್ನ ಇದನ್ನು ತಿಳಿದಿರಲಿ.

ಇನ್ನು ನಮ್ಮೂರ ನರ್ಸು. ಮಂಗಳೂರಿನಲ್ಲಿ ಬಿ.ಎಸ್ಸಿ. ನರ್ಸಿಂಗ್ ಮುಗಿಸಿ ಐರ್ಲೆಂಡಿಗೆ ಹೋಗಿ, ಅಲ್ಲಿನ ಪರೀಕ್ಷೆ ಪಾಸಾಗಿ ನೋಂದಣಿ ಪಡೆದಳು, ಕಾಲಾಂತರದಲ್ಲಿ ಐರಿಶ್ ಪೌರತ್ವವೂ ಬಂತು ಅಂತಿಟ್ಟುಕೊಳ್ಳಿ. ಜರ್ಮನಿಗೆ ಹೊರಟರೆ 'ತಾನಾಗಿಯೇ' ಎಂಬ ಆ ಏಳು ಮಂದಿಯ ಸಾಲಿನಲ್ಲಿ ಇವಳಿಲ್ಲ, ಯಾಕೆಂದರೆ ಕಲಿತದ್ದು ಹೊರಗೆ. ಐರ್ಲೆಂಡ್ ಒಪ್ಪಿದ ಪದವಿಯನ್ನು ಯುರೋಪಿನ ಪದವಿಯ ಸಮ ಅಂತ ಎಣಿಸಲು ಐರ್ಲೆಂಡಿನಲ್ಲೇ ಮೂರು ವರ್ಷ ದುಡಿದ ಪ್ರಮಾಣಪತ್ರ ಬೇಕು. ಆಮೇಲೂ ಸಾಮಾನ್ಯ ಪದ್ಧತಿಯ ಸರದಿಯೇ. ಅರ್ಜಿ ನೋಡುವುದು ಯಾವ ರಾಜ್ಯಕ್ಕೆ ಹೋಗುತ್ತಾಳೋ ಆ ರಾಜ್ಯದ ಕಚೇರಿ. ಜರ್ಮನಿಯಲ್ಲಿ ರಾಜ್ಯಗಳು 16. ಬಿ2 ಮಟ್ಟದ, ಅಂದರೆ ಸರಾಗವಾಗಿ ಮಾತಾಡುವಷ್ಟು ಜರ್ಮನ್ ಕೇಳುವುದು ನ್ಯಾಯವೇ, ನೋವಾದ ಅಜ್ಜಿ ಇಂಗ್ಲಿಷಿನಲ್ಲಿ ನರಳುವುದಿಲ್ಲ. ಕಾಡುವುದು ಬೇರೆ ಸಂಗತಿ. ಮಾರ್ಕ್ಸ್ ಕಾರ್ಡಿನಲ್ಲಿ ಹೆಸರಿನ ಮುಂದೆ 'ಕೆ. ಎಸ್.' ಅಂತ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಊರು, ಅಪ್ಪನ ಹೆಸರು ಎರಡೂ ಬಿಡಿಸಿ ಬರೆದದ್ದು, ಮದುವೆಯಾದ ಮೇಲೆ ಗಂಡನ ಹೆಸರು ಬಾಲಕ್ಕೆ. ಮೂರು ಕಾಗದದಲ್ಲಿ ಮೂವರು ಹೆಂಗಸರು! ಮೂವರೂ ಒಬ್ಬಳೇ ಎಂಬ ಅಫಿಡವಿಟ್ಟನ್ನು ಊರು ಬಿಡುವ ಮುಂಚೆಯೇ ಮಾಡಿಸಿಕೊಳ್ಳುವುದು ಕ್ಷೇಮ. ಯಾವ ವಿಷಯ ಎಷ್ಟು ಗಂಟೆ ಓದಿದ್ದು, ವಾರ್ಡಿನಲ್ಲಿ ಎಷ್ಟು ಗಂಟೆ ನಿಂತದ್ದು ಅಂತ ಕಾಲೇಜಿನಿಂದ ಪಟ್ಟಿಯನ್ನೂ ಆಗಲೇ ಬರೆಸಿಕೊಳ್ಳಬೇಕು. ಗಂಟೆಯ ಲೆಕ್ಕವಿಲ್ಲದ ಅಂಕಪಟ್ಟಿ ಅವರಿಗೆ ಬರೀ ಕಾಗದ.

ಎಲ್ಲ ಕಳಿಸಿದ ಮೇಲೆ ಉತ್ತರ ಬರುತ್ತದೆ. ಅರ್ಜಿದಾರರ ಬಾಯಲ್ಲಿ ಅದರ ಹೆಸರು 'ಡೆಫಿಟ್ಸಿಟ್‌ಬೆಶೈಡ್', ನಮ್ಮ ಮಾತಿನಲ್ಲಿ ಕೊರತೆಯ ಹುಕುಂ. ನಿಮ್ಮಲ್ಲಿ ಏನೇನಿಲ್ಲ ಅಂತ ಪಟ್ಟಿ ಮಾಡಿ, ಮೊಹರು ಒತ್ತಿ ಕಳಿಸಿರುತ್ತಾರೆ. ಬೀಗರು ಇಷ್ಟು ನೇರವಾಗಿ ಎಂದೂ ಬರೆದುಕೊಟ್ಟವರಲ್ಲ.

ಪೆಟ್ಟಿಗೆ ಕಟ್ಟುವಾಗ ಅವಳು ಐರ್ಲೆಂಡಿನ ಕೆಟಲ್ ಜೊತೆಗಿಟ್ಟುಕೊಂಡಳು ಅನ್ನಿ. ಎರಡೂ ಕಡೆ ಕರೆಂಟ್ 230 ವೋಲ್ಟೇ. ಪ್ಲಗ್ ಮಾತ್ರ ಐರ್ಲೆಂಡಿನದು ಚಪ್ಪಟೆ ಮೂರು ಪಿನ್ನಿನದು, ಜರ್ಮನಿಯದು ದುಂಡನೆ ಎರಡು ಪಿನ್ನಿನದು. ಕಡಿಮೆ ವೋಲ್ಟೇಜಿನ ಉಪಕರಣಗಳಿಗೆ ಒಕ್ಕೂಟದ ನಿರ್ದೇಶನ ಇದ್ದೇ ಇದೆ (2014/35). ಮನೆಬಳಕೆಯ ಪ್ಲಗ್ಗು, ಸಾಕೆಟ್ಟುಗಳಿಗೆ ಇದು ಅನ್ವಯಿಸುವುದಿಲ್ಲ ಅಂತ ಅದರ ಅನುಬಂಧದಲ್ಲೇ ಬರೆದಿದೆ. ಹೊಂದಾಣಿಕೆಯ ಅವಧಿಯ ಮೊದಲ ದಿನ ಅವಳು ಕೆಲವೇ ಯೂರೋ ಕೊಟ್ಟು ಒಂದು ಅಡಾಪ್ಟರ್ ತರುತ್ತಾಳೆ. ಕೆಟಲ್ ಅವತ್ತೇ ಕೆಲಸಕ್ಕೆ ಸೇರಿಕೊಳ್ಳುತ್ತದೆ.